ಅಂಗಳದ ಬೆಂಕಿ ಮನೆ ಸೇರುವ ದಾರಿ

ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ಸೀಮೆಯ ಹಳ್ಳಿಗಳಲ್ಲಿ ಮನೆಯಿಂದ ತುಸು ದೂರಕ್ಕೆ ತಗಡಿನ ಪುಟ್ಟ ಕೋಣೆಯೊಂದು ಚಳಿಗಾಲವಿಡೀ ಹೊಗೆಯಾಡುತ್ತಿರುತ್ತದೆ. ಅದು ಕಟ್ಟಿಗೆಯ ಹೊರಾಂಗಣ ಬಾಯ್ಲರ್. ಮಲೆನಾಡಿನ ಬಚ್ಚಲ ಹಂಡೆಯನ್ನು ಕಂಡವರಿಗೆ ಇದರ ತತ್ವ ಹೊಸದೇನಲ್ಲ. ಆದರೆ ಇಲ್ಲಿ ನೀರು ಬೆಂಕಿಗೂಡನ್ನು ಸುತ್ತಲೂ ಆವರಿಸಿಕೊಂಡಿರುತ್ತದೆ. ಕಾದ ನೀರು ಇಡೀ ಮನೆಯನ್ನು ಬೆಚ್ಚಗಿಡುತ್ತದೆ.

ಶಾಖ ಹೊರುವುದರಲ್ಲಿ ನೀರಿಗೆ ಸಾಟಿಯಾದ ವಸ್ತು ಕಡಿಮೆ. ಒಂದು ಲೀಟರ್ ನೀರು 10 ಡಿಗ್ರಿ ತಣ್ಣಗಾದರೆ ಸುಮಾರು 42 ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ. ನಿಮಿಷಕ್ಕೆ 20 ಲೀಟರ್ ತಳ್ಳುವ ಚಿಕ್ಕ ಪಂಪು ಈ ಲೆಕ್ಕದಲ್ಲಿ 14 ಕಿಲೋವಾಟ್ ಶಾಖವನ್ನು ಮನೆಯೊಳಕ್ಕೆ ಸಾಗಿಸುತ್ತದೆ. ಅಲ್ಲಿನ ಬಹುತೇಕ ಮನೆಗಳಲ್ಲಿ ಬಿಸಿಗಾಳಿ ಹರಿಸುವ ನಾಳ ಮೊದಲೇ ಇರುತ್ತದೆ. ಅದರೊಳಗೆ ಈ ಬಿಸಿನೀರು ಹರಿಯುವ, ಅಲ್ಯೂಮಿನಿಯಂ ಪಟ್ಟಿಗಳಿರುವ ತಾಮ್ರದ ಸುರುಳಿ ಕೂರಿಸಿದರೆ ಹಳೆಯ ಫ್ಯಾನೇ ಉಳಿದ ಕೆಲಸ ಮಾಡುತ್ತದೆ.

ಕೊಳ್ಳುವವರು ಒಲೆಯ ಗಾತ್ರ ನೋಡುತ್ತಾರೆ. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಹಣೆಬರಹ ನಿರ್ಧಾರವಾಗುವುದು ಮಣ್ಣಿನಡಿಯಲ್ಲಿ. ಉತ್ತರ ಮಿನೆಸೋಟದಲ್ಲಿ ಕಟ್ಟಡದ ತಳಪಾಯ 5 ಅಡಿ ಆಳಕ್ಕಿಳಿಯಬೇಕೆಂಬ ನಿಯಮವಿದೆ, ನೆಲ ಅಷ್ಟು ಆಳದವರೆಗೂ ಹೆಪ್ಪುಗಟ್ಟಬಹುದೆಂದು. ಅಂಥ ನೆಲದಲ್ಲಿ ಹೋಗುವ, ಬರುವ ಎರಡು ಪೆಕ್ಸ್ (ಬಿಸಿನೀರು ತಾಳುವ ಪ್ಲಾಸ್ಟಿಕ್) ಕೊಳವೆಗಳನ್ನು ಹೂಳಬೇಕು. ಸುತ್ತ ಗಟ್ಟಿ ಫೋಮ್ ತುಂಬಿ, ಮೇಲೆ ನೀರು ನುಸುಳದ ಹೊದಿಕೆ ಹಾಕಿದ ಕೊಳವೆ ದುಬಾರಿ. ತೆಳು ಹಾಳೆ ಸುತ್ತಿದ್ದು ಅಗ್ಗ, ಆದರೆ ಅದರೊಳಗೆ ಅಂತರ್ಜಲ ಸೇರಿತೋ, ಕಟ್ಟಿಗೆಯ ಶಾಖ ದಾರಿಯಲ್ಲೇ ಮಣ್ಣುಪಾಲು. ಇದನ್ನು ಅಳೆಯಲು ಯಾವ ಮೀಟರೂ ಬೇಡ: ಸುತ್ತೆಲ್ಲ ಹಿಮ ಮುಚ್ಚಿರುವಾಗ ಕೊಳವೆಯ ಸಾಲಿನ ಮೇಲೆ ಮಾತ್ರ ಹಿಮ ಕರಗಿ, ಹುಲ್ಲು ಹಸಿರಾಗಿ ಕಾಣುತ್ತದೆ. ಕೊಳವೆಗಳಿಗೆ ಒತ್ತಡ ಕೊಟ್ಟು, ಎಲ್ಲೂ ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಗುಂಡಿ ಮುಚ್ಚಬೇಕು.

ಇಂಥ ಬಾಯ್ಲರುಗಳಲ್ಲಿ ಹೆಚ್ಚಿನವು ಮೇಲೆ ಗಾಳಿಗೆ ತೆರೆದಿರುತ್ತವೆ. ನೀರು ಕುದ್ದರೆ ಆವಿ ಹೊರಹೋಗುತ್ತದೆ, ತೊಟ್ಟಿ ಸಿಡಿಯುವುದಿಲ್ಲ. ಆದರೆ ಅದೇ ಬಾಯಿಂದ ಆಮ್ಲಜನಕವೂ ಒಳಬಂದು ಉಕ್ಕನ್ನು ತಿನ್ನುವುದರಿಂದ ನೀರಿಗೆ ತುಕ್ಕುನಿರೋಧಕ ಬೆರೆಸಲೇಬೇಕು. ಕರೆಂಟ್ ಹೋದಾಗ ಪಂಪು ನಿಲ್ಲದಂತೆ ಜನರೇಟರೂ ಬೇಕು.

ನಿಜವಾದ ತಕರಾರು ಹೊಗೆಯದು. ನೀರು ಸಾಕಷ್ಟು ಕಾದೊಡನೆ ಹಳೆಯ ಮಾದರಿಗಳಲ್ಲಿ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಸಿರು ಕಟ್ಟಿದ ಕಟ್ಟಿಗೆ ಗಂಟೆಗಟ್ಟಲೆ ಹೊಗೆಯುತ್ತದೆ. ಉರಿಯದೆ ಉಳಿದ ಅನಿಲ ತಣ್ಣನೆಯ ಗೋಡೆಗೆ ಡಾಂಬರಾಗಿ ಅಂಟುತ್ತದೆ, ಉಳಿದದ್ದು ನೆರೆಮನೆಯ ಕಿಟಕಿಗೆ. ಹಸಿ ಕಟ್ಟಿಗೆಯಾದರಂತೂ ತೂಕದಲ್ಲಿ ಅರ್ಧ ನೀರೇ. ಈಗಿನ ಒಳ್ಳೆಯ ಮಾದರಿಗಳು ಆ ಅನಿಲವನ್ನು ಇನ್ನೊಂದು ಗೂಡಿಗೆ ಎಳೆದು, ಹೊಸ ಗಾಳಿ ಕೊಟ್ಟು ಸುಡುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊಗೆಗೆ ಮಿತಿ ಹಾಕಿ 2015ರಲ್ಲಿ ರೂಪಿಸಿದ ನಿಯಮದ ಕಟ್ಟುನಿಟ್ಟಿನ ಹಂತ 2020ರ ಮೇ ತಿಂಗಳಿಂದ ಜಾರಿಯಲ್ಲಿದೆ. ಆ ಮಿತಿ ದಾಟುವ ಹಳೆಯ ಬಾಯ್ಲರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.