ಶ್ರೀಶೈಲದ ಕಾಲುದಾರಿ

ಹೋಳಿಯ ಹುಣ್ಣಿಮೆ ಕಳೆದೊಡನೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಗಳ ಹಾದಿಗಳಲ್ಲಿ ಕಂಬಿಯನ್ನು ಹೊತ್ತು, ಮಲ್ಲಯ್ಯನ ನಾಮಘೋಷ ಮಾಡುತ್ತ ಮೂಡಣ ದಿಕ್ಕಿಗೆ ನಡೆಯುವ ಜನಸಮೂಹಗಳನ್ನು ನಮ್ಮ ವಾಚಕರು ವರ್ಷವರ್ಷವೂ ಕಂಡಿರುವರು. ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಮುಟ್ಟಬೇಕೆಂಬುದು ಅವರ ಸಂಕಲ್ಪ. ಬಾಗಲಕೋಟೆಯ ಕಡೆಯಿಂದ ಹೊರಟವರಿಗೆ ದಾರಿ ಸುಮಾರು 400 ಕಿಲೋಮೀಟರು. ಹುಣ್ಣಿಮೆಯಿಂದ ಯುಗಾದಿಯವರೆಗೆ ದೊರೆಯುವ ದಿನಗಳು ಹದಿನೈದು. ಭಾಗಿಸಿ ನೋಡಿದರೆ ದಿನಕ್ಕೆ 27 ಕಿಲೋಮೀಟರಿನಷ್ಟು ಬೀಳುತ್ತದೆ. ಕಾಗದದ ಮೇಲೆ ಈ ಲೆಕ್ಕ ಸುಲಭವಾದುದು. ರಾಯಚೂರಿನ ಬಯಲಿನ ಬಿಸಿಲಿನಲ್ಲಿ ಅಷ್ಟು ಸುಲಭವಾದುದಲ್ಲ.

ಈ ಯಾತ್ರೆಯನ್ನು ಕುರಿತು ನಾವು ಅನೇಕ ವರ್ಷ ಕುರ್ಚಿಯಲ್ಲಿ ಕುಳಿತೇ ಬರೆದೆವು. ಬರಿಗಾಲಿನಲ್ಲಿ ನಡೆಯುವವರ ಭಕ್ತಿಯನ್ನು ಇದೇ ಪುಟದಲ್ಲಿ ಮುಕ್ತಕಂಠದಿಂದ ಹೊಗಳಿದ್ದೂ ಉಂಟು. ಐವತ್ತು ದಾಟಿದ ಮೇಲೆ ನಾವೇ ನಡೆದು ನೋಡಿದೆವು. ಹಾಗೆ ನಡೆದುದರಿಂದ ಅಂದು ಬರೆದುದರಲ್ಲಿ ತಿದ್ದತಕ್ಕದ್ದು ಇದೆಯೆಂದು ತಿಳಿದುಬಂದಿತು. ಆ ತಿದ್ದುಪಡಿಯೇ ಈ ಲೇಖನದ ಮುಖ್ಯ ಉದ್ದೇಶ.

ದಾರಿಯ ಸ್ವರೂಪವನ್ನು ಮೊದಲು ಹೇಳುವೆವು. ಕೃಷ್ಣೆಯ ಸೀಮೆಯಿಂದ ಹೊರಟ ಯಾತ್ರಿಕರು ರಾಯಚೂರನ್ನು ಮುಟ್ಟಿ, ತುಂಗಭದ್ರೆಯನ್ನು ದಾಟಿ ಕರ್ನೂಲಿಗೆ ಬರುತ್ತಾರೆ. ಅಲ್ಲಿಂದ ಆತ್ಮಕೂರು, ಅನಂತರ ವೆಂಕಟಾಪುರದ ಬಳಿ ನಲ್ಲಮಲೆಯ ಕಾಡು ಆರಂಭವಾಗುತ್ತದೆ. ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸದ್ವಾರ ಎಂಬ ನೆಲೆಗಳನ್ನು ಒಂದೊಂದಾಗಿ ಹಾಯ್ದು ಕ್ಷೇತ್ರವನ್ನು ಸೇರಬೇಕು. ಅಲ್ಲಿಯವರೆಗಿನದು ಬಹುಮಟ್ಟಿಗೆ ಡಾಂಬರಿನ ದಾರಿ. ಕಾಡಿನದು ಕಲ್ಲು, ಇಳಿಜಾರು, ಏರುಗಳ ದಾರಿ. ಶ್ರೀಶೈಲವನ್ನು ಹತ್ತುವವರಿಗಾಗಿ 14ನೆಯ ಶತಮಾನದಲ್ಲಿ ಪ್ರೋಲಯ ವೇಮಾರೆಡ್ಡಿಯು ಸೋಪಾನಗಳನ್ನು ಕಟ್ಟಿಸಿದನು. ಯಾತ್ರಿಕನ ಕಾಲಿಗೆ ಆಸರೆಯಾಗುವುದನ್ನು ಅಂದಿನ ಅರಸನೂ ಪುಣ್ಯಕಾರ್ಯವೆಂದೇ ಎಣಿಸಿದನೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ನಮ್ಮ ತಂಡದಲ್ಲಿ ಧಾನ್ಯದ ವ್ಯಾಪಾರ ಮಾಡುವ ನೆರೆಯವರೊಬ್ಬರಿದ್ದರು. ವಯಸ್ಸಿನಲ್ಲಿ ನಮ್ಮ ಓರಗೆಯವರು. ಹತ್ತಾರು ವರ್ಷಗಳಿಂದ ಸಕ್ಕರೆಯ ರೋಗವುಳ್ಳವರು. ಮಗಳ ಹೆರಿಗೆ ಸುಸೂತ್ರವಾದುದಕ್ಕಾಗಿ ಬರಿಗಾಲಿನಲ್ಲಿ ನಡೆಯುವೆನೆಂದು ಹರಕೆ ಹೊತ್ತಿದ್ದರು. ಆರನೆಯ ದಿನದ ಮಧ್ಯಾಹ್ನ ಕಾದ ಡಾಂಬರಿನ ಮೇಲೆ ನಾವೆಲ್ಲರೂ ಕೆರವು ಮೆಟ್ಟಿಯೂ ತತ್ತರಿಸುತ್ತಿದ್ದಾಗ ಅವರು ನಿಶ್ಚಿಂತೆಯಿಂದ ಮುಂದೆ ನಡೆದರು. ಕಾಲು ಸುಡುವುದಿಲ್ಲವೇ ಎಂದು ಕೇಳಿದರೆ, ಮಲ್ಲಯ್ಯನ ದಯದಿಂದ ಏನೂ ತಿಳಿಯದೆಂದು ನಕ್ಕರು. ಆ ಸಹನೆಯನ್ನು ನಾವು ಭಕ್ತಿಯೆಂದು ಕೊಂಡಾಡಿದೆವು. ಅದು ರೋಗದ ಲಕ್ಷಣವಾಗಿತ್ತು. ಸಕ್ಕರೆಯ ರೋಗ ಬಹುಕಾಲ ನಿಂತರೆ ಪಾದದ ನರಗಳು ಜಡವಾಗಿ ನೋವಿನ ಅರಿವು ಹೋಗುತ್ತದೆ. ರಕ್ತದ ಸಂಚಾರ ಕುಗ್ಗಿ ಗಾಯ ಬೇಗನೆ ಮಾಯುವುದಿಲ್ಲ. ಎಂಟನೆಯ ದಿನ ಅಂಗಾಲಿನ ಸುಟ್ಟಗಾಯ ಕೀತು ವಾಸನೆ ಬಂದಾಗಲೇ ನಾವು ಕಣ್ಣುತೆರೆದುದು. ಅವರು ಕ್ಷೇತ್ರವನ್ನು ಕಾಣಲಿಲ್ಲ. ಊರಿಗೆ ಮರಳಿ ಎರಡು ಬೆರಳುಗಳನ್ನು ಕಳೆದುಕೊಂಡರು. ಹಾಸಿಗೆಯ ಮೇಲೆ ಮಲಗಿ ಅವರು ನಮಗೆ ಹೇಳಿದ ಮಾತು ಒಂದೇ: “ನೀವು ಬರೆದುದನ್ನು ಓದಿಯೇ ನಾನು ಹರಕೆ ಹೊತ್ತೆ.” ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆದುದರಿಂದ ನಾವು ಇಂದು ಸ್ಪಷ್ಟವಾಗಿ ಹೇಳುವುದೇನೆಂದರೆ, ಸಕ್ಕರೆಯ ರೋಗವುಳ್ಳವರು ಬರಿಗಾಲಿನ ಹರಕೆಯನ್ನು ಹೊರಲಾಗದು. ಹೊತ್ತಿದ್ದರೆ ಅದನ್ನು ಬೇರೊಂದು ಸೇವೆಯಾಗಿ ಮಾರ್ಪಡಿಸಿಕೊಳ್ಳತಕ್ಕದ್ದು. ಕೆರವು ಮೆಟ್ಟಿ ಬಂದವನನ್ನು ಮಲ್ಲಯ್ಯನು ಬಾಗಿಲಲ್ಲಿ ತಡೆಯುವುದಿಲ್ಲ. ಉಳಿದವರೂ ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ದಿನಕ್ಕೆ ಒಂದೆರಡು ತಾಸು, ಹೊರಬೇಕಾದ ಗಂಟನ್ನು ಹೊತ್ತೇ ನಡೆದು ರೂಢಿ ಮಾಡಿಕೊಳ್ಳಲಿ. ಹೊಸ ಕೆರವನ್ನು ಯಾತ್ರೆಯ ದಿನ ಮೊದಲ ಬಾರಿ ಮೆಟ್ಟುವುದು ಅವಿವೇಕ. ಗಂಟು ಮೈತೂಕದ ಹತ್ತನೆಯ ಒಂದು ಪಾಲನ್ನು ಮೀರದಿರಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಎರಡು ಜೊತೆ ಬಟ್ಟೆ, ಹೊದಿಕೆ, ನೀರಿನ ಪಾತ್ರೆ, ನಿತ್ಯದ ಔಷಧಿ ಇವಿಷ್ಟೇ ಸಾಕು. ದಾರಿಯುದ್ದಕ್ಕೂ ದಾಸೋಹದ ಕೈಗಳು ಕಾದಿರುತ್ತವೆ. ಮೊದಲ ಮೂರು ದಿನ ಕಡಿಮೆ ನಡೆದು ಮೈಯನ್ನು ಪಳಗಿಸಬೇಕು. ಬೊಬ್ಬೆ ಎದ್ದರೆ ಅದರ ತೊಗಲನ್ನು ಕೀಳದೆ ಶುಚಿಯಾದ ಬಟ್ಟೆಯಿಂದ ಮುಚ್ಚಬೇಕು. ಸಂಜೆ ಬೀಡು ಬಿಟ್ಟ ಕೂಡಲೆ ಊಟಕ್ಕೂ ಮೊದಲು ಪ್ರತಿಯೊಬ್ಬರೂ ತಮ್ಮ ಪಾದಗಳನ್ನು ತೊಳೆದು, ಒರೆಸಿ, ಬೆಳಕಿನಲ್ಲಿ ನೋಡಿಕೊಳ್ಳಲಿ. ಕಣ್ಣು ಮಂಜಾದವರ ಪಾದಗಳನ್ನು ಕಿರಿಯರು ನೋಡಲಿ. ಪಾದಸೇವೆಯೆಂಬ ಹಳೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನಮಗೆ ತೋರದು.

ಬಿಸಿಲಿನ ವಿಷಯ ಇನ್ನೂ ಗಂಭೀರವಾದುದು. ನಸುಕಿನ ನಾಲ್ಕಕ್ಕೆ ಎದ್ದು ನಡೆದು, ಹತ್ತರೊಳಗೆ ನೆರಳನ್ನು ಸೇರಿ, ಬಿಸಿಲು ಇಳಿದ ಮೇಲೆ ಮತ್ತೆ ಹೊರಡುವುದೇ ಹಿರಿಯರ ಪದ್ಧತಿ. ಬಾಯಾರಿಕೆಯನ್ನು ಕಾಯದೆ ನೀರು ಕುಡಿಯಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರು ಸಾಲದು, ಉಪ್ಪು ಹಾಕಿದ ಮಜ್ಜಿಗೆ ಬೇಕು. ವಾಂತಿಭೇದಿಯಾದವರಿಗೆ ಒಂದು ಲೀಟರು ಕಾಯಿಸಿ ಆರಿಸಿದ ನೀರಿನಲ್ಲಿ ಆರು ಸಮಮಟ್ಟದ ಚಿಕ್ಕ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕದಡಿ ಸ್ವಲ್ಪಸ್ವಲ್ಪವಾಗಿ ಕುಡಿಸತಕ್ಕದ್ದು. ನಡೆಯುತ್ತಿದ್ದವನ ಮೈ ಕೆಂಡದಂತೆ ಕಾದು, ಮಾತು ತೊದಲಿ, ದಿಕ್ಕು ತಪ್ಪಿದರೆ ಅದನ್ನು ದೇವರು ಮೈಮೇಲೆ ಬಂದುದೆಂದು ತಿಳಿಯಲಾಗದು. ಅದು ಪ್ರಾಣಾಪಾಯ. ನೆರಳಿನಲ್ಲಿ ಮಲಗಿಸಿ, ಮೈಗೆಲ್ಲ ನೀರು ಹೊಯ್ದು, ಗಾಳಿ ಬೀಸುತ್ತ 108ಕ್ಕೆ ಕರೆಮಾಡಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಲೇಬಾರದು.

ರಾತ್ರಿಯ ಹೆದ್ದಾರಿಯು ಹಗಲಿನ ಬಿಸಿಲಿಗಿಂತಲೂ ಕ್ರೂರವಾದುದು. ಕತ್ತಲೆಯಲ್ಲಿ ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನ ಕಣ್ಣಿಗೆ ಬೀಳುವಂತೆ, ಒಬ್ಬರ ಹಿಂದೊಬ್ಬರು ನಡೆಯಬೇಕು. ಬಿಳಿಯ ಬಟ್ಟೆ ಧರಿಸಬೇಕು. ತಂಡದ ಮುಂದೊಂದು, ಹಿಂದೊಂದು ದೀಪವಿರಬೇಕು. ದಣಿದವರು ಡಾಂಬರಿನ ಅಂಚಿನಲ್ಲಿ ಮಲಗುವ ದುರಭ್ಯಾಸವನ್ನು ಸಂಗಡಿಗರು ನಿಷ್ಠುರವಾಗಿ ತಡೆಯಲಿ.

ನಲ್ಲಮಲೆಯು ದೇಶದ ಹುಲಿಗಾಡುಗಳಲ್ಲಿ ವಿಸ್ತಾರದಿಂದ ಎಲ್ಲಕ್ಕಿಂತ ದೊಡ್ಡದಾದ ನಾಗಾರ್ಜುನಸಾಗರ-ಶ್ರೀಶೈಲ ರಕ್ಷಿತಾರಣ್ಯದ ಭಾಗ. ಅರಣ್ಯ ಇಲಾಖೆಯವರು ಉತ್ಸವಕಾಲದ ಕೆಲವು ದಿನಗಳಲ್ಲಿ ಮಾತ್ರ ಕಾಲುದಾರಿಯನ್ನು ತೆರೆಯುತ್ತಾರೆ. ಆ ದಿನಗಳ ಹೊರತು ಒಳಗೆ ಕಾಲಿಡಲಾಗದು. ಒಣ ಎಲೆಗಳ ಆ ಕಾಲದಲ್ಲಿ ಬೀಡಿಯ ಒಂದು ಕಿಡಿ ಇಡೀ ಗುಡ್ಡವನ್ನು ಸುಡಬಲ್ಲದು. ಕುಡಿದ ಪ್ಲಾಸ್ಟಿಕ್ ಬಾಟಲಿ, ಉಂಡ ತಟ್ಟೆಗಳನ್ನು ಎಸೆದು ಬರುವವರು, ಕಾಡು ಮಲ್ಲಯ್ಯನ ಅಂಗಳವೆಂಬುದನ್ನು ಮರೆತವರು. ತಮ್ಮ ಮನೆಯಂಗಳಕ್ಕೆ ಯಾರಾದರೂ ಹೀಗೆ ಕಸವನ್ನು ಚೆಲ್ಲಿದರೆ ಅವರು ಸಹಿಸುವರೇ?

ಆ ಕಾಡಿನಲ್ಲಿ ಅನಾದಿಯಿಂದ ಬಾಳುವವರು ಚೆಂಚು ಜನರು. ತಮ್ಮ ಕುಲದ ಹೆಣ್ಣನ್ನು ಮದುವೆಯಾದನೆಂದು ಅವರು ಮಲ್ಲಯ್ಯನನ್ನು ಅಳಿಯನೆಂದು ಕರೆಯುತ್ತಾರೆ. ನಮ್ಮ ಕನ್ನಡಿಗರೋ ಭ್ರಮರಾಂಬೆಯನ್ನು ತಮ್ಮ ಮನೆಯ ಮಗಳೆಂದು ಭಾವಿಸಿ ಸೀರೆ, ಕುಪ್ಪಸ, ಬಳೆ, ಕುಂಕುಮಗಳನ್ನು ತವರಿನ ಉಡುಗೊರೆಯಾಗಿ ಒಯ್ಯುತ್ತಾರೆ. ಹೀಗೆ ತೆಲುಗು ಸೀಮೆಯ ಬೆಟ್ಟದ ಮೇಲೆ ಕನ್ನಡದ ಒಕ್ಕಲಿಗನೂ ಕಾಡಿನ ಚೆಂಚುವೂ ಬೀಗರಾಗುತ್ತಾರೆ. ಸೊನ್ನಲಿಗೆಯ ಸಿದ್ಧರಾಮನೂ ಉಡುತಡಿಯ ಮಹಾದೇವಿಯಕ್ಕನೂ 12ನೆಯ ಶತಮಾನದಲ್ಲಿ ಚೆನ್ನಮಲ್ಲಿಕಾರ್ಜುನನನ್ನು ಅರಸಿ ಬಂದುದು ಈ ಬೆಟ್ಟಕ್ಕೇ ಎಂದು ಶರಣಚರಿತೆಗಳು ಹೇಳುತ್ತವೆ. 1956ರಲ್ಲಿ ರಾಜ್ಯಗಳ ಗಡಿಗಳು ಭಾಷೆಯ ಪ್ರಕಾರ ನಿಶ್ಚಿತವಾದುವು, ಅದು ಆಗಬೇಕಾದುದೇ. ಆದರೆ ಆ ಗಡಿಯನ್ನು ದಾಟಿದೊಡನೆ ಕೊಡದಲ್ಲಿ ನೀರು ತಂದು ನಮ್ಮ ಪಾತ್ರೆಗೆ ಸುರಿದ ತೆಲುಗಿನ ತಾಯಿಗೆ ನಾವು ಯಾವ ರಾಜ್ಯದವರೆಂಬ ವಿಚಾರವೇ ಇರಲಿಲ್ಲ. ದೇಶದ ಐಕ್ಯವನ್ನು ಕುರಿತು ನಾವು ಬರೆದ ಎಷ್ಟೋ ಅಗ್ರಲೇಖನಗಳು ಆ ಒಂದು ಕೊಡದ ನೀರಿಗೆ ಸಮನಾಗವು.

ಯುಗಾದಿಯ ಹಿಂದಿನ ದಿನ ನಾವು ಪಾತಾಳಗಂಗೆಗೆ ಇಳಿದೆವು. ಅದು ಕೃಷ್ಣೆಯೇ; ನಮ್ಮ ಊರಿನ ಹೊಲಗಳ ಅಂಚಿನಲ್ಲಿ ಹರಿದು, ಆಲಮಟ್ಟಿಯಲ್ಲಿ ನಿಂತು, ಸಂಗಮೇಶ್ವರದಲ್ಲಿ ತುಂಗಭದ್ರೆಯನ್ನು ಕೂಡಿಕೊಂಡು ನಮಗಿಂತ ಮೊದಲೇ ಇಲ್ಲಿಗೆ ಬಂದವಳು. ಅವಳಲ್ಲಿ ಮುಳುಗಿ ಎದ್ದಾಗ, ನೆರೆಯವರು ನಮ್ಮ ಕೈಯಲ್ಲಿ ಕಳಿಸಿದ್ದ ಸೀರೆಯ ನೆನಪಾಗಿ ನಮ್ಮ ಕಣ್ಣು ತೇವವಾಯಿತು. ಅದನ್ನು ಅಮ್ಮನವರಿಗೆ ಒಪ್ಪಿಸಿ, ಸಾರಿಗೆ ಸಂಸ್ಥೆಯ ಬಸ್ಸನ್ನು ಹತ್ತಿ, ಹದಿನೈದು ದಿನ ನಡೆದ ದಾರಿಯನ್ನು ಒಂದೇ ರಾತ್ರಿಯಲ್ಲಿ ಮರಳಿದೆವು.

ಈ ವರ್ಷ ಹೊರಡುವ ನಮ್ಮ ಬಂಧುಗಳಲ್ಲಿ ಒಂದೇ ಪ್ರಾರ್ಥನೆ. ಮೊದಲು ಮುಟ್ಟುವವನ ತಂಡ ದೊಡ್ಡದಲ್ಲ. ಹೊರಟವರೆಲ್ಲರನ್ನೂ ಕಾಲುಸಹಿತವಾಗಿ ಮನೆಗೆ ಮರಳಿಸುವ ತಂಡವೇ ದೊಡ್ಡದು. ಹಿಂದೆ ಬಿದ್ದವನಿಗಾಗಿ ನಿಲ್ಲಿರಿ. ಮಲ್ಲಯ್ಯನು ಅಲ್ಲಿಯೇ ಇರುವನು, ಕಾಯುವನು.