ಹಾಡಿಗೊಬ್ಬ ನೀರುಗಂಟಿ

ನಮ್ಮದು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಕೂಡಿ ನಡೆಸುತ್ತಿರುವ ಸಂಸಾರ. ಮನೆ ಇರುವುದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅವ್ವನ ತವರು ನಾಗಮಂಗಲದ ಕಡೆ, ನನ್ನಾಕೆಯ ತವರು ಕೃಷ್ಣರಾಜಪೇಟೆಯ ಕಡೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದದ್ದು ಶ್ರೀರಂಗಪಟ್ಟಣದಲ್ಲಿ. ಊಟದ ರುಚಿಯಲ್ಲಿ ಈ ನಾಲ್ಕೂ ಸೀಮೆಗಳು ಹೇಗೋ ಹೊಂದಿಕೊಂಡುಬಿಟ್ಟಿವೆ. ಹಾಡಿನ ರುಚಿಯಲ್ಲಿ ಮಾತ್ರ ಇಂದಿಗೂ ರಾಜಿಯಾಗಿಲ್ಲ. ಅವ್ವನಿಗೆ ಸೋಬಾನೆ ಪದ ಬೇಕು. ನನ್ನಾಕೆಗೆ ಕಿಕ್ಕೇರಿಯ ಕವಿಯ ಭಾವಗೀತೆ ಬೇಕು, ಅದರಲ್ಲಿ ಕಾವ್ಯಪ್ರೀತಿ ಎಷ್ಟು, ತಾಲ್ಲೂಕಿನ ಅಭಿಮಾನ ಎಷ್ಟು ಎಂಬುದನ್ನು ನಾನು ವಿಚಾರಿಸಲು ಹೋಗಿಲ್ಲ. ನನಗೆ ಸಂಜೆಯ ಹೊತ್ತು ಒಂದಿಷ್ಟು ವೀಣೆ ಸಿಕ್ಕಿದರೆ ಸಾಕು. ಇಂಥ ಮನೆಗೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಸೋದರಳಿಯ ಕಳೆದ ವರ್ಷದ ಯುಗಾದಿಯ ರಜೆಯಲ್ಲಿ ಬಂದು, ಸಂಗೀತದ ಹೊಸ ಏರ್ಪಾಡೊಂದನ್ನು ಜೋಡಿಸಿಕೊಟ್ಟು ಹೋದ.

ನೋಡುವುದಕ್ಕೆ ಅದರಲ್ಲಿ ಭರ್ಜರಿಯಾದದ್ದೇನೂ ಇಲ್ಲ. ದೇವರ ಮನೆಯ ಪಕ್ಕದ ಗೂಡಿನಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ. ಅದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರು. ಶಾಲೆಯ ಮಕ್ಕಳು ಕಂಪ್ಯೂಟರ್ ವಿದ್ಯೆ ಕಲಿಯಲಿ ಎಂದು ಇಂಗ್ಲೆಂಡಿನವರು ೨೦೧೨ರಲ್ಲಿ ಅಗ್ಗದ ಬೆಲೆಗೆ ಹೊರತಂದದ್ದು. ಅದಕ್ಕೆ ತಗುಲಿಕೊಂಡಂತೆ ಹಾಡುಗಳನ್ನು ತುಂಬಿದ ಒಂದು ಡಿಸ್ಕು. ನಡುಮನೆ, ಅಡುಗೆಮನೆ, ಜಗುಲಿ ಮೂರು ಕಡೆಯೂ ಒಂದೊಂದು ಸ್ಪೀಕರು. ಇವೆಲ್ಲವನ್ನೂ ಕುಳಿತಲ್ಲಿಂದಲೇ ಆಳುವುದು ಕೈಯಲ್ಲಿ ಹಿಡಿಯುವ ಒಂದು ಗಾಜಿನ ಹಲಗೆ. ಸೋದರಳಿಯ ಅದನ್ನು ಟ್ಯಾಬ್ಲೆಟ್ ಎಂದ.

“ಯಾತರ ಮಾತ್ರೆಯಪ್ಪ? ನಂಗೇನಾಗದೆ ಈಗ?” ಎಂದಳು ಅವ್ವ.

ಅವಳಿಗೆ ಎಂಬತ್ತನಾಲ್ಕು ವರ್ಷ. ದಿನಕ್ಕೆ ಮೂರು ಹೊತ್ತು ಮಾತ್ರೆ ನುಂಗುವವಳಿಗೆ ಟ್ಯಾಬ್ಲೆಟ್ ಎಂದರೆ ಬೇರೆ ಅರ್ಥವಾದರೂ ಹೇಗೆ ಬರಬೇಕು? ಜೀವಮಾನವೆಲ್ಲ ಛಂದಸ್ಸು ಕಲಿಸಿದ ನನಗೆ ಮಾತ್ರೆ ಎಂಬ ಮಾತು ಇನ್ನೊಂದು ಕಡೆಗೆ ಎಳೆಯಿತು. ಹಾಡನ್ನು ಆಳುವ ಹಲಗೆಗೆ ಅದೇನೂ ಕೆಟ್ಟ ಹೆಸರಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಮಾತ್ರೆಯೆಂದೇ ವಾಡಿಕೆ.

ಅದು ಕೆಲಸ ಮಾಡುವ ಬಗೆಯನ್ನು ಸೋದರಳಿಯ ಇಂಗ್ಲಿಷಿನಲ್ಲಿ ವಿವರಿಸಿದ. ನಾನು ಅವ್ವನಿಗೆ ಕಾಲುವೆಯ ಲೆಕ್ಕದಲ್ಲಿ ಹೇಳಿದೆ. ಡಿಸ್ಕು ಇದೆಯಲ್ಲ, ಅದು ಕನ್ನಂಬಾಡಿ ಕಟ್ಟೆ. ಮನೆಯೊಳಗಿನ ವೈಫೈ ಎಂಬುದು ವಿಶ್ವೇಶ್ವರಯ್ಯ ನಾಲೆ. ಸ್ಪೀಕರುಗಳು ಗದ್ದೆಯ ಬಯಲು. ಈ ಮಾತ್ರೆ ನೀರುಗಂಟಿ. ನೀರುಗಂಟಿ ತನ್ನ ತಲೆಯ ಮೇಲೆ ನೀರು ಹೊತ್ತು ಗದ್ದೆಗೆ ಹಾಕುವವನಲ್ಲ. ಯಾವ ತೂಬು ಎತ್ತಬೇಕು, ಯಾವುದನ್ನು ಮುಚ್ಚಬೇಕು, ಯಾರ ಗದ್ದೆಗೆ ಎಷ್ಟು ಬಿಡಬೇಕು ಎಂದು ನೋಡುವವನು. ಹಾಗೆಯೇ ಹಾಡು ಮಾತ್ರೆಯ ಮೂಲಕ ಹಾಯುವುದಿಲ್ಲ. ಮಾತ್ರೆಯಿಂದ ಹೋಗುವುದು ಅಪ್ಪಣೆ ಮಾತ್ರ. ಅಪ್ಪಣೆ ತಲುಪಿದ ಮೇಲೆ ಪೆಟ್ಟಿಗೆಯಿಂದ ಸ್ಪೀಕರಿಗೆ ಹಾಡು ತಾನಾಗಿ ಹರಿಯುತ್ತದೆ.

ಅವ್ವ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ನೀರುಗಂಟಿ ನಿದ್ದೆ ಹೋದ್ರೂ ನೀರು ಹರೀತಾನೇ ಇರ್ತದೆ ಅನ್ನು” ಎಂದಳು. ಸೋದರಳಿಯ ಬೆರಗಾದ. ಮಾತ್ರೆಯನ್ನು ಆರಿಸಿಟ್ಟರೂ ಹಾಡು ನಿಲ್ಲುವುದಿಲ್ಲವೆಂಬುದನ್ನು ಅವನು ತನ್ನ ಸಹೋದ್ಯೋಗಿಗಳಿಗೇ ಎರಡು ಸಲ ಹೇಳಬೇಕಾಗಿತ್ತಂತೆ.

ಈ ಏರ್ಪಾಡಿಗೆ ಜೀವ ಕೊಡುವ ತಂತ್ರಾಂಶದ ಕಥೆಯೂ ಒಂದಿಷ್ಟು ಹೇಳತಕ್ಕದ್ದೇ. ಅಮೆರಿಕದ ಒಂದು ಸಣ್ಣ ಕಂಪನಿ ತನ್ನ ಸ್ಕ್ವೀಜ್‌ಬಾಕ್ಸ್ ಎಂಬ ಪೆಟ್ಟಿಗೆಗಳಿಗಾಗಿ ಅದನ್ನು ಬರೆಯಿತು. ೨೦೦೬ರಲ್ಲಿ ಲಾಜಿಟೆಕ್ ಎಂಬ ದೊಡ್ಡ ಕಂಪನಿ ಆ ಸಣ್ಣ ಕಂಪನಿಯನ್ನು ಕೊಂಡುಕೊಂಡಿತು. ೨೦೧೨ರಲ್ಲಿ ಆ ಪೆಟ್ಟಿಗೆಗಳನ್ನು ಕೈಬಿಟ್ಟಿತು. ಆದರೆ ತಂತ್ರಾಂಶ ಎಲ್ಲರಿಗೂ ತೆರೆದಿದ್ದುದರಿಂದ ಬಳಸುವವರೇ ಅದನ್ನು ತಿದ್ದಿ ತೀಡಿ ಉಳಿಸಿಕೊಂಡು ಬಂದರು. ಇಂದು ಅದರ ಹೆಸರು ಲಿರಿಯನ್. ಒಡೆಯನಿಲ್ಲದ ಪದವನ್ನು ಹತ್ತು ಬಾಯಿಗಳು ಉಳಿಸಿಕೊಂಡು ಬಂದಂತೆ ಎನ್ನೋಣವೆ?

ನಮ್ಮದು ತೊಟ್ಟಿಯ ಮನೆ. ಗೋಡೆಗಳು ಮಣ್ಣಿನವು, ಒಂದೊಂದೂ ಒಂದೂವರೆ ಮೊಳ ದಪ್ಪ. ನಮ್ಮ ತಾತ ಅವನ್ನು ಹಾಕಿಸಿದಾಗ ಬಿಸಿಲನ್ನೂ ಕಳ್ಳರನ್ನೂ ಎಣಿಸಿದ್ದರು, ವೈಫೈಯನ್ನು ಎಣಿಸಿರಲಿಲ್ಲ. ಜಗುಲಿಯವರೆಗೆ ಅಲೆ ತಲುಪಲೇ ಇಲ್ಲ. ಕೊನೆಗೆ ತೊಲೆಯ ಗುಂಟ ತಂತಿಯನ್ನೇ ಎಳೆಯಬೇಕಾಯಿತು. ಅದಾದ ಮೇಲೆ ಇನ್ನೊಂದು ತೊಡಕು. ಮೂರೂ ಸ್ಪೀಕರುಗಳಲ್ಲಿ ಒಂದೇ ಹಾಡು ಹಾಕಿ ತೊಟ್ಟಿಯಲ್ಲಿ ನಿಂತರೆ ಒಂದರ ಹಿಂದೊಂದು ದನಿ ಓಡಿಬಂದಂತೆ ಕೇಳಿಸುತ್ತಿತ್ತು. ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹಿಂದುಮುಂದಾದರೂ ಕಿವಿಗೆ ಅದು ಮಾರ್ದನಿಯಾಗಿಬಿಡುತ್ತದೆ. ಮೂರಕ್ಕೂ ಒಂದೇ ಗಡಿಯಾರದ ಲೆಕ್ಕ ಹಿಡಿಸಿದ ಮೇಲೆ ಸರಿಹೋಯಿತು. ತಾಳ ತಪ್ಪದಿರಲು ಯಂತ್ರಗಳಿಗೂ ಒಬ್ಬ ತಾಳದವನು ಬೇಕೆಂಬುದನ್ನು ಕಂಡು ನನಗೆ ಒಳಗೊಳಗೇ ಸಮಾಧಾನವಾಯಿತು.

ಅಧಿಕಾರ ಕೈಗೆ ಬಂದ ಹೊಸದರಲ್ಲಿ ನಾನು ಅದನ್ನು ನೆಟ್ಟಗೆ ಬಳಸಿದೆನೆಂದು ಹೇಳಲಾರೆ. ಒಂದು ರಾತ್ರಿ ಹನ್ನೊಂದು ಗಂಟೆಗೆ, ಮಲಗಿದ್ದಲ್ಲಿಂದಲೇ ಸಣ್ಣಗೆ ವೀಣೆ ಕೇಳೋಣವೆಂದು ‘ನಡುಮನೆ’ಯನ್ನು ಮುಟ್ಟುವ ಬದಲು ‘ಜಗುಲಿ’ಯನ್ನು ಮುಟ್ಟಿದೆ. ಇಲ್ಲಿ ಏನೂ ಕೇಳಿಸಲಿಲ್ಲವಾಗಿ ದನಿಯನ್ನು ಏರಿಸಿದೆ, ಇನ್ನೂ ಏರಿಸಿದೆ. ಜಗುಲಿಯಲ್ಲಿ ಮಲಗಿದ್ದ ಕೃಷ್ಣರಾಜಪೇಟೆಯ ನಮ್ಮ ಭಾವಮೈದುನರು ಮರುದಿನ ಬೆಳಗಿನ ಮೊದಲನೆಯ ಬಸ್ಸಿಗೇ ಹೊರಟುಹೋದರು.

ಹಿಡಿಕೆ ಒಬ್ಬನ ಕೈಯಲ್ಲಿ, ಗದ್ದಲ ಇನ್ನೊಬ್ಬನ ಕಿವಿಯಲ್ಲಿ ಎಂಬ ಈ ಸಂಗತಿ ನಮ್ಮ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ರಂಗನಾಥನ ಗುಡಿಯ ಹತ್ತಿರ, ಲಾಲ್ ಮಹಲಿನ ಅಡಿಪಾಯ ಮಾತ್ರ ಉಳಿದಿರುವ ಬಯಲಿಗೆ ಹುಡುಗರನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಟಿಪ್ಪುವಿನ ಹುಲಿಯ ಕಥೆ ಹೇಳುತ್ತಿದ್ದೆ. ಯೂರೋಪಿನ ಸಿಪಾಯಿಯೊಬ್ಬನ ಮೇಲೆರಗಿ ನಿಂತಿರುವ ಮರದ ಹುಲಿ ಅದು. ಪಕ್ಕದ ಹಿಡಿಕೆಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಕೆಳಗೆ ಬಿದ್ದವನು ಕೈಯೆತ್ತಿ ನರಳುತ್ತಾನೆ. ಹುಲಿಯ ಮೈಯೊಳಗೆ ಹದಿನೆಂಟು ಮನೆಗಳ ಒಂದು ಆರ್ಗನ್ ವಾದ್ಯವೂ ಇದೆ. ೧೭೯೯ರಲ್ಲಿ ಕೋಟೆ ಬಿದ್ದಾಗ ಇಂಗ್ಲಿಷರಿಗೆ ಇದು ಸಿಕ್ಕಿದ್ದು ಅರಮನೆಯ ಸಂಗೀತದ ಕೋಣೆಯಲ್ಲಿ. ಲಂಡನ್ನಿಗೆ ಸಾಗಿಸಿ ೧೮೦೮ರಿಂದ ಕಂಪನಿಯ ಕಚೇರಿಯಲ್ಲಿ ಜನರಿಗೆ ತೋರಿಸಲು ಇಟ್ಟರು. ನೋಡಬಂದವರೆಲ್ಲ ಹಿಡಿಕೆ ತಿರುಗಿಸುವವರೇ. ಅಲ್ಲಿನ ಪುಸ್ತಕ ಭಂಡಾರದಲ್ಲಿ ಓದುತ್ತ ಕುಳಿತವರಿಗೆ ಆ ಗರ್ಜನೆಯಿಂದ ತಲೆ ಚಿಟ್ಟುಹಿಡಿದುಹೋಯಿತಂತೆ. ನಮ್ಮ ಭಾವಮೈದುನರ ಸಂಕಟ ಬಲ್ಲ ನನಗೆ ಆ ಓದುಗರ ಮೇಲೆ ಪೂರ್ಣ ಸಹಾನುಭೂತಿಯುಂಟು. ಹುಲಿ ಈಗ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ನದಿಯಾಚೆ ಮೈಸೂರಿನಲ್ಲಿ ೧೯೩೫ರಲ್ಲಿ ನಡೆದದ್ದು ಇದಕ್ಕಿಂತ ಸೌಮ್ಯವಾದ ಸಾಹಸ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ವಿಠ್ಠಲ ವಿಹಾರದಲ್ಲೇ ಒಂದು ಬಾನುಲಿ ನಿಲಯವನ್ನು ತೆರೆದರು. ಅದಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಸಂದಿತು. ಅಂದು ಒಂದು ಮನೆಯಿಂದ ಹಾಡು ಊರಿಗೆಲ್ಲ ಹೋಯಿತು. ಇಂದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವುದಕ್ಕೆ ನಾವು ಇಷ್ಟೆಲ್ಲ ತಂತಿ ಎಳೆಯುತ್ತಿದ್ದೇವೆ! ಆದರೂ ಒಂದು ವ್ಯತ್ಯಾಸವನ್ನು ಮರೆಯಲಾಗದು. ಬಾನುಲಿ ತಾನು ಹಾಡಿದ್ದನ್ನು ನಮಗೆ ಕೇಳಿಸುತ್ತಿತ್ತು. ಈ ಮಾತ್ರೆ ನಾವು ಹೆಸರಿಟ್ಟು ಕರೆದದ್ದನ್ನು ಮಾತ್ರ ತಂದುಕೊಡುತ್ತದೆ.

ನನ್ನ ನಿಜವಾದ ಕಷ್ಟ ತೊಡಗಿದ್ದು ಆ ಹೆಸರಿನ ಬಳಿಯಲ್ಲಿ. ಮಾತ್ರೆಯ ಮೇಲೆ ಬೆರಳಿಟ್ಟರೆ ಹಾಡುಗಳು ಕಲಾವಿದ, ಆಲ್ಬಂ, ಸಂಯೋಜಕ ಎಂಬ ಪಂಕ್ತಿಗಳಲ್ಲಿ ಕುಳಿತಿರುತ್ತವೆ. ಆ ಎಲೆ ಹಾಕಿದವರು ಪಶ್ಚಿಮದವರು. ತ್ಯಾಗರಾಜರ ಕೀರ್ತನೆಗೆ ‘ಸಂಯೋಜಕ’ ಯಾರೆಂದರೆ ತ್ಯಾಗರಾಜರೇ, ಅಲ್ಲಿ ತಕರಾರಿಲ್ಲ. ಆದರೆ ಮೈಸೂರು ಅನಂತಸ್ವಾಮಿಯವರೋ ಸಿ. ಅಶ್ವತ್ಥ್ ಅವರೋ ರಾಗ ಹಾಕಿದ ಒಂದು ಭಾವಗೀತೆಯನ್ನು ಎಲ್ಲಿ ಕೂರಿಸಬೇಕು? ಸಂಯೋಜಕನ ಎಲೆಗೆ ರಾಗ ಹಾಕಿದವರು ಕುಳಿತರು. ಕವಿಗೆ ಎಲೆಯೇ ಇಲ್ಲ! ೧೯೪೨ರಲ್ಲಿ ‘ಮೈಸೂರು ಮಲ್ಲಿಗೆ’ ಕೊಟ್ಟು ನಮ್ಮ ಮನೆಮನೆಯ ದಾಂಪತ್ಯಕ್ಕೆ ಮಾತು ಕಲಿಸಿದವರು ಹೊರಗೆ ಜಗುಲಿಯಲ್ಲಿ ನಿಂತಿದ್ದಾರೆ. ನನ್ನಾಕೆ ಇದನ್ನು ತನ್ನ ತವರಿಗೇ ಆದ ಅವಮಾನವೆಂದು ಭಾವಿಸಿದಳು. ಹುಡುಕಿದಾಗ ಕವಿಯ ಹೆಸರು ಕೆಲವು ಹಾಡುಗಳ ಹಿಂದೆ ಸಿಕ್ಕಿತು. ಆದರೆ ಒಂದು ಕಡೆ ಕೆ. ಎಸ್. ನರಸಿಂಹಸ್ವಾಮಿ, ಒಂದು ಕಡೆ ಕೆ.ಎಸ್.ನ., ಒಂದು ಕಡೆ ನರಸಿಂಹಸ್ವಾಮಿ ಕೆ. ಎಸ್., ಮತ್ತೊಂದು ಕಡೆ ಇಂಗ್ಲಿಷ್ ಲಿಪಿಯಲ್ಲಿ. ಯಂತ್ರದ ಪಾಲಿಗೆ ಅವರು ನಾಲ್ವರು. ಮೇಲುಕೋಟೆಯ ಪು.ತಿ.ನ. ಅವರಿಗೂ ಇದೇ ಗತಿಯಾಗಿತ್ತು. ಸಂಗೀತವನ್ನು ಮನಸ್ಸಿನಲ್ಲಿಟ್ಟುಕೊಂಡೇ ‘ಗೋಕುಲ ನಿರ್ಗಮನ’ ಬರೆದವರು ಒಡೆದು ಮೂವರಾಗಿದ್ದರು.

ಬೇಸಿಗೆಯೆಲ್ಲ ಕುಳಿತು ತಿದ್ದಿದೆ. ಉತ್ತರಪತ್ರಿಕೆ ತಿದ್ದಿ ಅಭ್ಯಾಸವಾದ ಕೈ; ಕಷ್ಟವೆನಿಸಲಿಲ್ಲ. ಸೋದರಳಿಯ ಫೋನಿನಲ್ಲಿ ದಾರಿ ಹೇಳಿ, ಕವಿಗೆಂದೇ ಬೇರೆ ಪಂಕ್ತಿಯೊಂದನ್ನು ಮಾಡಿಸಿಕೊಟ್ಟ. ಇಷ್ಟಕ್ಕೇ ನಿಂತಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ.

ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳು ನಲವತ್ತರ ಮೇಲಿದ್ದುವು. ಅವನ್ನು ಡಿಸ್ಕಿಗೆ ಇಳಿಸುವುದರಲ್ಲಿ ಅವಸರ ನಡೆಯದು. ಒಂದು ಗಂಟೆಯ ಕ್ಯಾಸೆಟ್ಟು ಒಂದು ಗಂಟೆ ಓಡಲೇಬೇಕು. ಕಂಪ್ಯೂಟರು ಸೆಕೆಂಡಿಗೆ ೪೪,೧೦೦ ಸಲ ಆ ದನಿಯನ್ನು ಅಳೆದು ಬರೆದಿಟ್ಟುಕೊಳ್ಳುತ್ತದೆಂದು ಕೇಳಿದಾಗ, ಇಷ್ಟು ಶ್ರದ್ಧೆಯಿಂದ ಯಾರೂ ನನ್ನ ಪಾಠವನ್ನು ಬರೆದುಕೊಳ್ಳಲಿಲ್ಲವಲ್ಲ ಎಂದುಕೊಂಡೆ. ಮೇಲೆ ಚೀಟಿಯಿಲ್ಲದ ಒಂದು ಕ್ಯಾಸೆಟ್ಟಿನಲ್ಲಿ ಹೆಂಗಸರ ಗುಂಪೊಂದು ಸೋಬಾನೆ ಹೇಳುತ್ತಿತ್ತು. ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ತೆಗೆದುಕೊಳ್ಳುತ್ತಾರೆ. ನಡುವೆ ಮಗುವಿನ ಅಳು, ಪಾತ್ರೆಯ ಸದ್ದು, ಯಾರೋ ಯಾರನ್ನೋ ಗದರಿಸುವುದು. ಅದೂ ಡಿಸ್ಕಿಗೆ ಇಳಿಯಿತು. ಸಂಜೆ ಪರೀಕ್ಷೆಗೆಂದು ಜಗುಲಿಯಲ್ಲಿ ಹಾಕಿದೆ.

ಅವ್ವ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು. ಎತ್ತಿಕೊಡುತ್ತಿದ್ದ ದನಿ ಅವಳ ಅವ್ವನದು. ೧೯೮೪ರಲ್ಲಿ, ನಾಗಮಂಗಲದ ಕಡೆಯ ತವರಿನಲ್ಲಿ, ನಮ್ಮ ಕಿರಿಯ ಸೋದರಮಾವನ ಮದುವೆ. ಆ ಮುದುಕಿ ತೀರಿಕೊಂಡು ಮೂವತ್ತು ವರ್ಷದ ಮೇಲಾಗಿತ್ತು. ಅವ್ವ ಕೈ ಚಾಚಿ ಮಾತ್ರೆಯನ್ನು ತೆಗೆದುಕೊಂಡು, ದೂರ ಹಿಡಿದು, ಅಕ್ಷರ ಕೂಡಿಸಿ ಓದಿದಳು.

“ಅಜ್ಞಾತ ಕಲಾವಿದ. ಅಂಗಂದ್ರೇನ್ಲಾ?”

“ಹಾಡಿದವರು ಯಾರು ಅಂತ ತಿಳೀದಿದ್ರೆ ಹಾಗೆ ಬರ್ಕೋತದೆ, ಅವ್ವ.”

“ನಮ್ಮವ್ವ ಯಾರು ಅಂತ ತಿಳೀದಾ?” ಎಂದಳು.

ಜಾನಪದದ ಪಾಠ ಮಾಡುವಾಗ ನಾನು ಹಲವು ಸಲ ಹೇಳಿದ ಮಾತು, ಜನಪದ ಗೀತೆಯ ಕರ್ತೃ ಅಜ್ಞಾತ ಎಂಬುದು. ಅದರಲ್ಲಿ ತಪ್ಪೇನೂ ಇಲ್ಲ. ಪದವನ್ನು ಮೊದಲು ಕಟ್ಟಿದವರು ಯಾರೆಂದು ಯಾರು ಬಲ್ಲರು? ಆದರೆ ಕಟ್ಟಿದವರು ತಿಳಿಯದೆಂದ ಮಾತ್ರಕ್ಕೆ ಹಾಡಿದವರನ್ನೂ ಅದೇ ಚೀಲಕ್ಕೆ ತುಂಬಿಬಿಡುವುದು ಸೋಮಾರಿತನ. ಆ ಸೋಮಾರಿತನ ಯಂತ್ರದ್ದೆಂದು ಬೈಯುವ ಮೊದಲು ನನ್ನ ಪಾಠದ ಟಿಪ್ಪಣಿಗಳಲ್ಲಿಯೂ ಅದು ಇತ್ತೆಂಬುದನ್ನು ಒಪ್ಪಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ೧೯೧೫ನೆಯ ಇಸವಿಯಲ್ಲಿ ಇಬ್ಬರು ಹುಟ್ಟಿದರು. ಕಿಕ್ಕೇರಿಯಲ್ಲಿ ಹುಟ್ಟಿದ ನರಸಿಂಹಸ್ವಾಮಿಯವರ ಕವಿತೆಗಳು ಹಾಡಾದುವು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು ಹಾಡಾಗಿಯೇ ಇದ್ದುದನ್ನು ಅರಸಿ ಹಳ್ಳಿ ಹಳ್ಳಿ ತಿರುಗಿ, ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಮೊದಲನೆಯವರ ಹೆಸರನ್ನು ನಾಲ್ಕು ಕಡೆಯಿಂದ ಒಟ್ಟುಗೂಡಿಸಲು ಬೇಸಿಗೆಯೆಲ್ಲ ಕಳೆದ ನಾನು, ನನ್ನ ಸ್ವಂತ ಅಜ್ಜಿಯ ಹೆಸರನ್ನು ಬರೆಯದೆ ಮುಂದೆ ಹೋಗಿದ್ದೆ.

ಮರುದಿನದಿಂದ ಅವ್ವನಿಗೂ ನನಗೂ ಒಂದೇ ಕೆಲಸ. ಮಾತ್ರೆ ಅವಳ ತೊಡೆಯ ಮೇಲೆ, ನೋಟ್‌ಪುಸ್ತಕ ನನ್ನ ಕೈಯಲ್ಲಿ. ನಿಲ್ಲಿಸುವ ಗುರುತನ್ನೂ ಹಿಂದಕ್ಕೆ ಎಳೆಯುವ ಗೆರೆಯನ್ನೂ ಅವಳು ಅರ್ಧ ದಿನದಲ್ಲಿ ಕಲಿತಳು. ಕೇಳುವಳು, ನಿಲ್ಲಿಸುವಳು, ಹೇಳುವಳು: ಈ ಸಣ್ಣ ದನಿ ಚಿಕ್ಕಮ್ಮನದು, ಈ ಮೂಗಿನ ದನಿ ಬೆಳ್ಳೂರಿನಿಂದ ಬಂದ ಸೊಸೆಯದು, ಇಲ್ಲಿ ಪದ ಮರೆತು ನಕ್ಕವಳು ಕಂಬದಹಳ್ಳಿಗೆ ಕೊಟ್ಟ ಅತ್ತೆಯ ಮಗಳು, ಆಗ ಏಳು ತಿಂಗಳ ಬಸುರಿ. ಗದರಿಸಿದವರು ಯಾರೆಂದೂ ಹೇಳಿದಳು, ಅದನ್ನು ಬರೆದುಕೊಳ್ಳಬೇಡವೆಂದಳು. ಹೆಸರುಗಳನ್ನು ಇಲ್ಲಿ ಕೊಡುವುದಿಲ್ಲ, ಅವು ಮನೆಯವು. ಮಾತ್ರೆಯ ಮೇಲೆ ಮಾತ್ರ ಏಳು ಹೆಸರುಗಳು ಊರುಗಳ ಸಮೇತ ಕನ್ನಡ ಅಕ್ಷರದಲ್ಲಿ ಕುಳಿತಿವೆ. ಈಗ ಅವ್ವ ತನ್ನ ತಾಯಿಯ ಹೆಸರನ್ನು ಮುಟ್ಟಿದರೆ ಅಡುಗೆಮನೆಯಲ್ಲಿ ಸೋಬಾನೆ ಏಳುತ್ತದೆ.

ಆದರೆ ಗುಂಪಿನಲ್ಲಿದ್ದವರು ಎಂಟು ಜನ. ಎಲ್ಲರೂ ತೆಗೆದುಕೊಳ್ಳುವ ಕಡೆ ಸ್ವಲ್ಪ ಹಿಂದೆ ನಿಂತು, ಸಾಲಿನ ಕೊನೆಯನ್ನು ಉದ್ದಕ್ಕೆ ಎಳೆಯುವ ಒಂದು ದನಿಯಿದೆ. ಅದು ಯಾರದೆಂದು ಅವಳಿಗೆ ಹೊಳೆಯುತ್ತಿಲ್ಲ. ಆ ಮದುವೆಗೆ ಹೋದವರಲ್ಲಿ ಈಗ ಉಳಿದಿರುವವರಿಗೆಲ್ಲ ಫೋನು ಮಾಡಿಸಿದಳು. ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಅವಳು ಯಾವುದನ್ನೂ ಒಪ್ಪಲಿಲ್ಲ. ನಿನ್ನೆ ಸಂಜೆಯೂ ಜಗುಲಿಯಲ್ಲಿ ಕುಳಿತು ಅದೇ ಜಾಗಕ್ಕೆ ಬೆರಳಿನಿಂದ ಎಳೆದು ತಂದಳು.

“ಇನ್ನೂ ಒಂಚೂರು ಜೋರಾಗಿ ಬರ್ಲಿ ಕನ, ಮಗ,” ಎಂದಳು. “ಅವಳು ಉಸ್ರು ತಕ್ಕೊಳೋ ತಾವ ಸಿಕ್ತಾಳೆ.”