ನೆಟ್ ಹೋದರೂ ಕೆಲಸ ನಿಲ್ಲದಿರಲು

ಪ್ರಶ್ನೆ: ಉಪ್ಪಿನಂಗಡಿಯ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಉಚಿತ ಸಾಧನಗಳಿವೆಯೇ? ಮಳೆಗೆ ನೆಟ್ ಹೋದರೆ ಏನು ಗತಿ?

ಉತ್ತರ: ಇವೆ. ಮೊದಲ ಹೆಸರು ಗಿಟ್, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಸಾಧನ. ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದದ್ದು. ಕೋಡ್‌ನ ಪೂರ್ತಿ ಚರಿತ್ರೆ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇರುವುದರಿಂದ, ಆಟಿ ತಿಂಗಳ ಮಳೆಗೆ ನೆಟ್ ಕೈಕೊಟ್ಟರೂ ಬದಲಾವಣೆಗಳನ್ನು ದಾಖಲಿಸುತ್ತ ಹೋಗಬಹುದು. ನೆಟ್ ಬಂದಾಗ ಕಳಿಸಿದರಾಯಿತು. ಬೆಂಗಳೂರಿನ ಸಹೋದ್ಯೋಗಿ ಬರೆದದ್ದೂ ಇಲ್ಲಿ ಬರೆದದ್ದೂ ಊರಿನಲ್ಲಿ ಸೇರುವ ನೇತ್ರಾವತಿ-ಕುಮಾರಧಾರಾ ನದಿಗಳ ಹಾಗೆ ಕೂಡಿಕೊಳ್ಳುತ್ತವೆ. ಒಂದೇ ಸಾಲನ್ನು ಇಬ್ಬರೂ ಬೇರೆಬೇರೆಯಾಗಿ ತಿದ್ದಿದ್ದರೆ ಯಾವುದು ಉಳಿಯಬೇಕೆಂದು ಗಿಟ್ ಕೇಳುತ್ತದೆ. ಮಲೆನಾಡಿನಂಚಿನ ಊರಿಗೆ ಇದಕ್ಕಿಂತ ಒಪ್ಪುವ ಸಾಧನವಿಲ್ಲ.

ಬರೆಯಲು ವಿಎಸ್ ಕೋಡ್, ಮಾತುಕತೆಗೆ ಜಿಟ್ಸಿ ಮೀಟ್. ಕೋಡ್ ಇಡುವ ಜಾಲತಾಣ ಗಿಟ್‌ಹಬ್ 2019ರಿಂದ ಖಾಸಗಿ ಕೋಡನ್ನೂ ಉಚಿತವಾಗಿ ಇಡಲು ಬಿಟ್ಟಿದೆ. ಆದರೆ ಕಂಪನಿಯ ಕೋಡನ್ನು ಸ್ವಂತ ಖಾತೆಗೆ ಹಾಕುವ ಮುನ್ನ ದಯವಿಟ್ಟು ಅನುಮತಿ ಕೇಳಿ.